ಹಳೇ ಸ್ಕೀಮಿನ ಸಿ.ಡಿ.

ಇರು ಮಗು, ಆ ಡಬ್ಬವನ್ನು ಈಗಲೇ ಗೇಟಿನ ಹತ್ತಿರ ಇಡಬೇಡ. ಆಯುಧಪೂಜೆಗೆ ಮನೆ ಗುಡಿಸಬೇಕು, ಸರಿ. ಬೇಡದ್ದೆಲ್ಲ ಗುಜರಿಗೆ ಹೋಗಬೇಕು, ಅದೂ ಸರಿ. ಆದರೆ ಬೇಡದ್ದು ಅಂತ ಹೇಳಿದವರು ಯಾರು? ಅದರಲ್ಲಿರುವುದು ನಿನ್ನ ಚಿಕ್ಕಮ್ಮ ಪ್ರಿಯಂವದಾಳ ಸಾಮಾನು, ಅವಳು ಕೆಲಸಕ್ಕೆ ಹೋಗುತ್ತಿದ್ದ ಕಾಲದ್ದು. ಅವಳನ್ನು ಒಂದು ಮಾತು ಕೇಳಿದೆಯಾ? ಇಲ್ಲ ತಾನೆ. ಹಾಗಾದರೆ ಇಲ್ಲಿ ಕೂತುಕೋ. ಕೈ ಸುಮ್ಮನಿರುವುದಿಲ್ಲ ಅಂದರೆ ಈ ಅವರೆಕಾಯಿ ಬಿಡಿಸು. ಹುಳ ನೋಡಿ ಬಿಡಿಸು, ಹೋದ ಸಲದ ಹಾಗೆ ಮಾಡಬೇಡ.

ಎರಡು ಸಾವಿರದ ಐದನೇ ಇಸವಿಯ ಮಾತು. ನೀನಿನ್ನೂ ತೊಟ್ಟಿಲಲ್ಲಿದ್ದೆ. ಹೊಸ ತಿಪ್ಪಸಂದ್ರದ ಈ ಮನೆಯಿಂದ ಪ್ರಿಯಂವದಾ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಜೋಗುಪಾಳ್ಯಕ್ಕೆ ಹೋಗುತ್ತಿದ್ದಳು. ಅಲ್ಲೊಂದು ಹೆಣ್ಣುಮಕ್ಕಳ ಪಾಲಿಟೆಕ್ನಿಕ್. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕಾಲೇಜು. ರಾಗಿ ಬೀಸಿದ ದಿನ ಕಂಪ್ಯೂಟರುಗಳ ಮೇಲೆಲ್ಲ ಬೂದಿ ಬಳಿದ ಹಾಗೆ ಹಿಟ್ಟು. ಲ್ಯಾಬಿನ ಅಟೆಂಡರ್ ಗೋವಿಂದಮ್ಮ ಒರೆಸಿ ಒರೆಸಿ, "ಮೇಡಮ್ಮಾ, ಇನ್ನೊಂದ್ ವರ್ಷ ಬಿಟ್ರೆ ಈ ಬಟ್ಟೇಲೇ ಮುದ್ದೆ ತೊಳಸ್ಬೋದು" ಎನ್ನುತ್ತಿದ್ದಳು.

ಪ್ರಿಯಂವದಾಳದು ಲ್ಯಾಬಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಕೆಲಸ. ವರ್ಷ ವರ್ಷಕ್ಕೂ ಹೊಸ ಆರ್ಡರು ಕೊಡುವ ನೌಕರಿ. ಕಾಯಂ ಆಗುತ್ತದೆ, ಕಾಯಂ ಆಗುತ್ತದೆ ಎಂದು ಹೇಳುತ್ತ ಬಂದವರೇ ಒಬ್ಬೊಬ್ಬರಾಗಿ ನಿವೃತ್ತರಾಗಿ ಹೋದರು. ಅವಳು ಹಾಗೇ ಇದ್ದಳು. ನಲವತ್ತು ದಾಟಿದ ಮೇಲೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ಬಸ್ಸು ಇಂದಿರಾನಗರದ ಸಿಗ್ನಲ್‌ನಲ್ಲಿ ನಿಂತರೆ ಕಂಬಿ ಹಿಡಿದುಕೊಂಡೇ ಒಂದು ಸಣ್ಣ ನಿದ್ದೆ ಮುಗಿಸಿಬಿಡುತ್ತಿದ್ದಳು.

ಅವಳನ್ನು ಅಷ್ಟು ದಣಿಸುತ್ತಿದ್ದದ್ದು ಪಾಠವಲ್ಲ. ಕಿಟಕಿ ಪಕ್ಕದ ಒಂದು ಕಂಪ್ಯೂಟರು.

ಹೇಳುತ್ತೇನೆ ಕೇಳು, ಕಷ್ಟದ್ದೇನಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ ಜಾವಾ ಅಂತ ಒಂದು ಭಾಷೆ ಇದೆಯಲ್ಲ, ಅದಕ್ಕೆ ಎರಡು ವರ್ಷಕ್ಕೊಂದು ಹೊಸ ವರ್ಷನ್ ಬರುತ್ತಿತ್ತು. ಇತ್ತ ಡಿಪ್ಲೊಮಾದ ಪಾಠಪಟ್ಟಿಯೂ ಬದಲಾಗುತ್ತಿತ್ತು. ಅದಕ್ಕೆ ಸ್ಕೀಮ್ ಎನ್ನುತ್ತಿದ್ದರು. ಹೊಸ ಸ್ಕೀಮ್ ಬಂದರೂ ಹಳೇ ಸ್ಕೀಮಿನಲ್ಲಿ ಫೇಲಾದವರು ಹಳೇ ಸ್ಕೀಮಿನಲ್ಲೇ ಪಾಸಾಗಬೇಕು, ಹಳೇ ಜಾವಾದಲ್ಲೇ ಪರೀಕ್ಷೆ ಬರೆಯಬೇಕು. ಹೊಸ ಸ್ಕೀಮಿನವರಿಗೆ ನಡುವಿನದು. ಸಂಜೆ ಸರ್ಟಿಫಿಕೇಟ್ ಕೋರ್ಸಿಗೆ ಬರುವವರಿಗೆ ಆಗಷ್ಟೇ ಬಂದ ತೀರಾ ಹೊಸದು. ಮೂರನ್ನೂ ತಾಳಿಕೊಳ್ಳುವ ಶಕ್ತಿ ಇದ್ದದ್ದು ಆ ಒಂದು ಕಂಪ್ಯೂಟರಿಗೆ. ಉಳಿದವೆಲ್ಲ ಟೈಪಿಂಗ್ ಕಲಿಯುವುದಕ್ಕೆ ಸರಿ, ಅಷ್ಟೇ.

ಮೂರು ವರ್ಷನ್ನುಗಳನ್ನು ಒಂದೇ ಹೊಟ್ಟೆಯಲ್ಲಿ ಇಡುವುದು ಸುಲಭವಲ್ಲ. ಒಂದರಲ್ಲಿ ಬರೆದು ತಯಾರಿಸಿದ್ದನ್ನು ಇನ್ನೊಂದು ಎತ್ತಿಕೊಂಡು ಓಡಿಸಲು ನೋಡುತ್ತದೆ, ಅರ್ಥವಾಗದೆ ಮುಗ್ಗರಿಸುತ್ತದೆ. ಹಳೆಯದು ಒಪ್ಪುತ್ತಿದ್ದ ಸಾಲನ್ನು ಹೊಸದು ತಪ್ಪು ಎನ್ನುತ್ತದೆ. ಹುಡುಗಿಯರು, "ಮಿಸ್, ನಿನ್ನೆ ಬಂತು, ಇವತ್ತು ಬರ್ತಿಲ್ಲ" ಎಂದು ಅಳುತ್ತಿದ್ದರು. ಪ್ರಿಯಂವದಾ ತಲೆ ಕೆಡಿಸಿಕೊಂಡು ಕೊನೆಗೆ ಮನೆಯ ಅಡುಗೆಮನೆಯ ಕ್ರಮವನ್ನೇ ಅಲ್ಲಿಗೂ ತಂದಳು. ಇಲ್ಲಿ ಮಡಿ ಪಾತ್ರೆ ಮೇಲಿನ ಗೂಡಿನಲ್ಲಿ, ದಿನಬಳಕೆಯದು ಕಟ್ಟೆಯ ಮೇಲೆ. ನಿನ್ನ ಚಿಕ್ಕಪ್ಪ ಸುದರ್ಶನ ವಿಮಾನ ಕಾರ್ಖಾನೆಯಲ್ಲಿ ಕಲಿತು ಬಂದ ಆಮ್ಲೆಟ್ ಚಟದ ಬಾಣಲೆ ಹಿಂದಿನ ಬಾಲ್ಕನಿಯಲ್ಲಿ, ಬಕೆಟ್ಟಿನ ಕೆಳಗೆ. ನಿನ್ನ ಅಜ್ಜಿಯಾದ ನನಗೆ ಗೊತ್ತಿಲ್ಲ ಎಂದುಕೊಂಡಿದ್ದ. ಗೊತ್ತಿತ್ತು. ವಿಷಯ ಅದಲ್ಲ. ಒಂದೇ ಮನೆಯಲ್ಲಿ ಮೂರೂ ಇದ್ದವು, ಒಂದಕ್ಕೊಂದು ತಾಗುತ್ತಿರಲಿಲ್ಲ, ಜಗಳವಿರಲಿಲ್ಲ.

ಹಾಗೆಯೇ ಅವಳು ಮೂರು ಜಾವಾಗಳನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟಳು. ಪರದೆಯ ಮೇಲೆ ಅಪ್ಪಣೆ ಬರೆಯುವ ಕಪ್ಪು ಕಿಟಕಿ ತೆರೆದು ‘ಹಳೆ’ ಎಂದು ಟೈಪ್ ಮಾಡಿದರೆ ಆ ಕಿಟಕಿಗೆ ಹಳೆಯದೇ ಗತಿ. ‘ಹೊಸ’ ಅಂದರೆ ನಡುವಿನದು. ‘ಸಂಜೆ’ ಅಂದರೆ ಸಂಜೆಯವರದು. ಏನೂ ಹೇಳದಿದ್ದರೆ ಅದು ತಾನಾಗಿ ತೀರಾ ಹೊಸದಕ್ಕೇ ಓಡುತ್ತಿತ್ತು. ಕಿಟಕಿ ಮುಚ್ಚಿದರೆ ಎಲ್ಲ ಮರೆತುಬಿಡುತ್ತಿತ್ತು, ಮತ್ತೆ ತೆರೆದರೆ ಮತ್ತೆ ಹೇಳಬೇಕು. "ಕೂತ ತಕ್ಷಣ ಯಾವ ಒಲೆ ಅಂತ ಹೇಳಿ. ಒಂದ್ರ ಸೌಟು ಇನ್ನೊಂದಕ್ಕೆ ಹಾಕ್ಬೇಡಿ" ಎಂದು ಪಾಠದ ಮೊದಲು ಹೇಳಿಸುತ್ತಿದ್ದಳು. ಹುಡುಗಿಯರು ನಗುತ್ತಿದ್ದರು. ಮರೆಯುತ್ತಲೂ ಇದ್ದರು. ಇವಳು ಒಬ್ಬೊಬ್ಬರ ಸರದಿಗೂ ಆ ಕಂಪ್ಯೂಟರಿನ ಹತ್ತಿರ ಓಡಿಬಂದು ಸೌಟು ಬದಲಿಸಿ ಬದಲಿಸಿ ಸಾಕಾಗಿದ್ದಳು.

ಆ ವರ್ಷ ಹಳೇ ಸ್ಕೀಮಿಗೆ ಉಳಿದಿದ್ದವಳು ಒಬ್ಬಳೇ ಹುಡುಗಿ, ಶಿವಾಜಿನಗರದ ಜಹನಾರಾ. ಒಮ್ಮೆ ಫೇಲಾಗಿದ್ದಳು. ಮತ್ತೆ ಕಟ್ಟುವ ಹೊತ್ತಿಗೆ ಮದುವೆ, ಆಮೇಲೆ ಬಾಣಂತನ. ಈಗ ಮಗುವನ್ನು ಅವಳ ಅಮ್ಮಿ ಕಮರುನ್ನೀಸಾ ನೋಡಿಕೊಳ್ಳುತ್ತಿದ್ದಳು. ಈ ಪ್ರಾಕ್ಟಿಕಲ್ ಒಂದು ಪಾಸಾದರೆ ಡಿಪ್ಲೊಮಾ ಕೈಗೆ ಬರುತ್ತದೆ, ಅವರ ಬೀದಿಯ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಕಾದಿತ್ತು. ಈ ಸಲ ಆಗದಿದ್ದರೆ ಹಳೇ ಸ್ಕೀಮೇ ಮುಚ್ಚಿಹೋಗುತ್ತದೆ. ಮೊದಲ ವರ್ಷದಿಂದ ಮತ್ತೆ ಓದಬೇಕು. ಮಗು ಇಟ್ಟುಕೊಂಡು ಅದು ಆಗುವ ಮಾತೇ?

ಪ್ರಿನ್ಸಿಪಾಲ್ ಗುರುರಾಜರು, "ಒಬ್ಬಳಿಗೋಸ್ಕರ ಇದನ್ನೆಲ್ಲ ಯಾಕ್ರೀ ಇಟ್ಕೊಂಡಿದ್ದೀರಿ?" ಎಂದಾಗ ಪ್ರಿಯಂವದಾ, "ಒಬ್ಬಳು ಇದ್ದಾಳಲ್ಲ ಸಾರ್, ಅದಕ್ಕೇ" ಎಂದಿದ್ದಳು. ಜಗಳ ಮಾಡುವ ಶಕ್ತಿಯೂ ಅವಳಲ್ಲಿರಲಿಲ್ಲ. ಹಾಗೆಂದು ಬಿಡಲೂ ಇಲ್ಲ.

ಜಹನಾರಾಳ ಪರೀಕ್ಷೆ ನಿಗದಿಯಾದದ್ದು ವಿಜಯದಶಮಿಯ ಮರುದಿನಕ್ಕೆ. ಆ ವರ್ಷ ದಸರೆ, ರಂಜಾನ್ ಎರಡೂ ಒಟ್ಟಿಗೇ ಬಂದಿದ್ದವು. ಆಯುಧಪೂಜೆಯ ದಿನ ಬೆಳಿಗ್ಗೆ ಕಾಲೇಜಿನಲ್ಲಿ ಪೂಜೆ. ಪ್ರಿಯಂವದಾ ಇಲ್ಲಿ ಮನೆಯ ಪೂಜೆ, ಒಬ್ಬಟ್ಟು, ನಿನ್ನ ಚಿಕ್ಕಪ್ಪನ ಸ್ಕೂಟರಿನ ಪೂಜೆ ಎಲ್ಲ ಮುಗಿಸಿ ಹೋಗುವಷ್ಟರಲ್ಲಿ ತಡವಾಗಿತ್ತು. ಗೋವಿಂದಮ್ಮ ಲ್ಯಾಬ್ ಗುಡಿಸಿ, ಮುರಿದ ಕೀಬೋರ್ಡು, ಹಳೇ ಪೇಪರು, ಫ್ಲಾಪಿ ಡಬ್ಬ ಎಲ್ಲವನ್ನೂ ಗುಜರಿಗೆ ಹಾಕಿಸಿದ್ದಳು. ಕಂಪ್ಯೂಟರುಗಳಿಗೆ ಸೇವಂತಿಗೆ ಹಾರ, ಗಂಧ, ಕುಂಕುಮ. ಮೌಸಿಗೂ ಒಂದು ಬೊಟ್ಟು. ಬೂದುಗುಂಬಳ ಒಡೆದಾಗಿತ್ತು.

ಕಡ್ಲೆಪುರಿ ಹಂಚುತ್ತಿದ್ದವನು ಸಂಜೆ ಕೋರ್ಸಿನ ಮೇಷ್ಟ್ರು ಭಾರ್ಗವ್. ಒಳ್ಳೆಯ ಹುಡುಗ, ಯಾರ ಮನಸ್ಸನ್ನೂ ನೋಯಿಸುವವನಲ್ಲ. ಅವನೇ ನಗುನಗುತ್ತ ಹೇಳಿದ:

"ಮೇಡಂ, ಎಲ್ಲಾರೂ ಹೊರಗಡೆ ಕ್ಲೀನ್ ಮಾಡಿದ್ರೆ ನಾನು ಒಳಗಡೇನೂ ಮಾಡ್ಬಿಟ್ಟೆ. ಕಿಟಕಿ ಪಕ್ಕದ್ ಸಿಸ್ಟಮ್ ಉಸಿರಾಡಕ್ಕೂ ಜಾಗ ಇಲ್ದೆ ಒದ್ದಾಡ್ತಿತ್ತು. ಹಳೇ ಜಾವಾ ತೆಗೆದು ಬಿಸಾಕ್ದೆ. ನಿಮಗೂ ಒಂದು ತಲೆನೋವು ಕಮ್ಮಿ ಆಯ್ತು."

ಪ್ರಿಯಂವದಾ ಕೈಯಲ್ಲಿದ್ದ ಕಡ್ಲೆಪುರಿಯನ್ನು ಹಾಗೇ ಹಿಡಿದು ನಿಂತಳು. "ಯಾವಾಗ ತೆಗೆದ್ರಿ?"

"ಪೂಜೆಗೆ ಮುಂಚೆ. ಯಾಕೆ ಮೇಡಂ?"

"ಅದ್ರ ಸಿ.ಡಿ. ಎಲ್ಲಿ? ಫ್ಲಾಪಿ ಡಬ್ಬದಲ್ಲಿ ಇಟ್ಟಿದ್ದೆ."

ಭಾರ್ಗವ್ ಗೋವಿಂದಮ್ಮನ ಮುಖ ನೋಡಿದ. ಗೋವಿಂದಮ್ಮ ಬಾಗಿಲ ಕಡೆ ನೋಡಿದಳು. "ಅಯ್ಯೋ ನನ್ನಪ್ಪಾ" ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಜಹನಾರಾ. ಪೂಜೆ ಮುಗಿದ ಮೇಲೆ ಬಾ, ಎಲ್ಲ ಪ್ರೋಗ್ರಾಮನ್ನೂ ಪುಸ್ತಕದಲ್ಲಿ ಒಂದು ಸಲ ನೋಡೋಣ ಎಂದು ಪ್ರಿಯಂವದಾಳೇ ಕರೆದಿದ್ದಳು. ಉಪವಾಸದ ಮುಖ, ತುಟಿ ಒಣಗಿತ್ತು. ವಿಷಯ ಕೇಳಿ ಅವಳು ಅಳಲಿಲ್ಲ. ಬೆಂಚಿನ ಮೇಲೆ ಕೂತು, "ಮಿಸ್, ಅಮ್ಮೀಗೆ ನಾನು ಏನಂತ ಹೇಳ್ಲಿ?" ಎಂದಳು, ಅಷ್ಟೇ.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳುತ್ತೀಯ. ಇಂಟರ್ನೆಟ್ ಇದ್ದದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ. ಅವರು ಬೀಗ ಹಾಕಿ ಊರಿಗೆ ಹೊರಟಿದ್ದರು. ಬೀದಿಯ ಸೈಬರ್ ಸೆಂಟರುಗಳೂ ಪೂಜೆ ಮಾಡಿ ಬಾಗಿಲೆಳೆದಿದ್ದವು. ಊರಿಗೆ ಊರೇ ಯಂತ್ರಕ್ಕೆ ಹಾರ ಹಾಕಿ ಕೈಮುಗಿದು ಹೊರಟುಹೋಗಿತ್ತು. ಉಳಿದಿದ್ದದ್ದು ಆ ಸಿ.ಡಿ. ಒಂದೇ.

ಪ್ರಿಯಂವದಾ, ಜಹನಾರಾ ಇಬ್ಬರೂ ಶಮೀಮ್ ಭಾಯಿಯ ಗುಜರಿ ಅಂಗಡಿಗೆ ಹೋದರು. ಬಿಸಿಲು ನೆತ್ತಿಯ ಮೇಲಿತ್ತು. ಪ್ರಿಯಂವದಾಳ ರೇಷ್ಮೆ ಸೀರೆ ಬೆನ್ನಿಗೆ ಅಂಟಿತ್ತು. ಹಬ್ಬಕ್ಕೆಂದು ಉಟ್ಟದ್ದು, ಪಾಪ. ಶಮೀಮ್ ಭಾಯ್ ಪೇಪರು ತೂಗುತ್ತ, "ಡಬ್ಬ ಬಂತು ಮೇಡಂ. ಸಿ.ಡಿ. ಎಲ್ಲಾ ನಮ್ಮ ಡ್ರೈವರ್ ಕೆಂಪರಾಜು ತಗೊಂಡ. ಗಾಡಿಗೆ ಕಟ್ಟಕ್ಕೆ ಹೊಳೆಯೋದು ಬೇಕು ಅಂದ" ಎಂದರು.

"ಗಾಡಿ ಎಲ್ಲಿ?"

"ಪೂಜೆಗೆ. ಹಲಸೂರು ಗುಡಿ ಹತ್ರ ಸಾಲಾಗಿ ನಿಂತಿರ್ತಾವಲ್ಲ, ಅಲ್ಲಿ."

ಮತ್ತೆ ನಡೆದರು. ನಡೆಯುತ್ತ ಜಹನಾರಾ, "ಮಿಸ್, ನೀವು ಮನೆಗೆ ಹೋಗಿ. ನಾನು ನೋಡ್ತೀನಿ" ಎಂದಳು. ಪ್ರಿಯಂವದಾ, "ನೀರು ಕೂಡ ಕುಡಿಯದೆ ನೀನು ನಡೀತಿದೀಯ. ಒಬ್ಬಟ್ಟು ತಿಂದ್ಬಂದು ನಾನು ಮನೆಗೆ ಹೋಗ್ಲಾ?" ಎಂದಳು.

ಗುಡಿಯ ಬೀದಿಯಲ್ಲಿ ಆಟೋ, ಲಾರಿ, ಟೆಂಪೋ ಎಲ್ಲ ಮದುಮಗನಂತೆ ನಿಂತಿದ್ದವು. ಬಾಳೆಕಂದು, ಬಣ್ಣದ ಕಾಗದ, ಬಲೂನು. ಅವುಗಳ ನಡುವೆ ಒಂದು ಗೂಡ್ಸ್ ಆಟೋ ಕಣ್ಣು ಕುಕ್ಕುತ್ತಿತ್ತು: ಗಾಜಿನ ಮೇಲೆ ಸಾಲಾಗಿ ಸಿ.ಡಿ.ಗಳ ತೋರಣ. ಗಾಳಿ ಬಂದಾಗ ಒಂದೊಂದೂ ಮಿಂಚುತ್ತಿತ್ತು. ಎಲ್ಲದರ ನಡುಮಧ್ಯೆ, ಗಂಧ ಮೆತ್ತಿಸಿಕೊಂಡು, ಪ್ರಿಯಂವದಾಳ ಕೈಬರಹ ಹೊತ್ತ ಹಳೇ ಸ್ಕೀಮಿನ ಸಿ.ಡಿ.!

ಕೆಂಪರಾಜು ಒಪ್ಪಲಿಲ್ಲ. ಹೊಸ ಶರ್ಟು, ಹಣೆ ತುಂಬಾ ಕುಂಕುಮ. "ಏನಕ್ಕಾ ನೀವು, ಪೂಜೆ ಆಗಿರೋ ಗಾಡೀಂದ ಬಿಚ್ಚು ಅಂತೀರಲ್ಲ. ನಿಂಬೆಹಣ್ಣಿನ್ ಮೇಲೆ ಚಕ್ರಾನೂ ಹತ್ತಿಸಾಯ್ತು."

"ಅದು ಗಾಡೀದಲ್ಲಪ್ಪ, ಈ ಹುಡುಗೀದು. ಅವಳ ಪರೀಕ್ಷೆ ಅದ್ರಲ್ಲಿದೆ."

"ಪರೀಕ್ಷೆ ಅದ್ರಲ್ಲಿದ್ರೆ ಗುಜರಿಗೆ ಯಾಕಕ್ಕಾ ಹಾಕಿದ್ರಿ?"

ಜಹನಾರಾ ಮುಂದೆ ಬಂದಳು. "ಅಣ್ಣಾ, ನಿನ್ ಗಾಡಿ ಚಂದ ಕಾಣ್ಬೇಕು, ಅಷ್ಟೇ ತಾನೆ? ನಡುವೆ ಬರೇ ಪ್ಲಾಸ್ಟಿಕ್ ಇಟ್ಟಿದೀಯಲ್ಲ, ಹೂವೇ ಇಲ್ಲ. ನೋಡೋರು ನಗಲ್ವಾ?"

ಕೆಂಪರಾಜು ಗಾಡಿಯನ್ನು ಹೊಸದಾಗಿ ನೋಡಿದ ಹಾಗೆ ನೋಡಿದ. ಪ್ರಿಯಂವದಾ ಆಗಲೇ ಜಡೆಯಿಂದ ಮಲ್ಲಿಗೆ, ಕನಕಾಂಬರದ ದಂಡೆ ತೆಗೆದಿದ್ದಳು. ಬೆಳಗಿನ ಹೂವು, ಸ್ವಲ್ಪ ಬಾಡಿತ್ತು. ಅವನು ತಲೆ ಕೆರೆದುಕೊಂಡು, ಗಾಡಿಗೆ ಒಮ್ಮೆ ಕೈಮುಗಿದು ಸಿ.ಡಿ. ಬಿಚ್ಚಿದ, ಆ ಜಾಗಕ್ಕೆ ದಂಡೆ ಕಟ್ಟಿದ. "ಚೆನ್ನಾಗೈತೆ" ಎಂದು ತಾನೇ ಒಪ್ಪಿಕೊಂಡ.

ಲ್ಯಾಬಿಗೆ ಬಂದರೆ ಗೋವಿಂದಮ್ಮ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದಳು. "ಮೇಡಮ್ಮಾ, ತಪ್ಪು ನಂದೇ. ಡಬ್ಬ ನಾನೇ ಹಾಕ್ಸಿದ್ದು. ಆದ್ರೆ ಪೂಜೆ ಆದ್ಮೇಲೆ ಇವತ್ತು ಇದನ್ನ ಎಬ್ಬಿಸ್ಬೇಡಿ. ನಾಳೆ ದಶಮಿ, ಬೆಳಿಗ್ಗೇನೇ ಬಂದು ಬಾಗ್ಲು ತೆಗೀತೀನಿ."

ಪ್ರಿಯಂವದಾಳೂ ಈ ಮನೆಯಲ್ಲಿ ಬೆಳಿಗ್ಗೆ ಚಾಕು, ಕತ್ತರಿ, ಇಳಿಗೆಮಣೆಗೆಲ್ಲ ಕುಂಕುಮವಿಟ್ಟು ಬಂದವಳು. ಆದರೆ ಆ ಹುಡುಗಿಯ ಮುಖ ನೋಡಿದರೆ ಮುಟ್ಟಿಬಿಡೋಣ ಅನ್ನಿಸುತ್ತಿತ್ತು. ಜಹನಾರಾಳೇ ಎದ್ದಳು. "ನಾಳೆ ಆಗ್ಲಿ ಮಿಸ್. ನಿಮ್ಮ ಹಬ್ಬ. ನಾನೂ ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಬೇಕು." ಗೋವಿಂದಮ್ಮ ಅವಳಿಗೊಂದು ಪೊಟ್ಟಣ ಕಟ್ಟಿಕೊಟ್ಟಳು, ಕಡ್ಲೆಪುರಿ, ಬೂಂದಿ. "ಸಂಜೆ ಉಪವಾಸ ಬಿಡುವಾಗ ತಿನ್ನವ್ವ."

ಆ ದಿನ ಪ್ರಿಯಂವದಾ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು. ಊಟ ಬೇಡ ಎಂದಳು. ಸುದರ್ಶನ, "ನಿನಗ್ಯಾಕೆ ಊರ ಉಸಾಬರಿ? ಕಾಯಂ ಕೂಡ ಮಾಡಿಲ್ಲ ಅವರು" ಎಂದ. ಅವಳು, "ಹೌದು" ಎಂದಳು, ಅಷ್ಟೇ. ಅವನೇ ಮತ್ತೆ ಎದ್ದು ಬಿಸಿನೀರು ತಂದು ಹಾಕಿದ. ಕಷ್ಟ ಅರ್ಥವಾದರೂ ಮಾತಿನಲ್ಲಿ ತೋರಿಸುವ ಗಂಡಸಲ್ಲ ನಿನ್ನ ಚಿಕ್ಕಪ್ಪ.

ದಶಮಿಯ ಬೆಳಿಗ್ಗೆ ಗೋವಿಂದಮ್ಮ ಊದುಬತ್ತಿ ಹಚ್ಚಿ, ಹಾರ ಸರಿಸಿ, "ಏಳಪ್ಪಾ" ಎಂದಳು. ಕಂಪ್ಯೂಟರು ಎದ್ದಿತು. ಸಿ.ಡಿ. ಮಾತ್ರ ಓದಲೇ ಇಲ್ಲ. ಕೆಂಪರಾಜನ ತಂತಿ ಒಂದು ಕಡೆ ಗೀರಿತ್ತು, ಗಂಧ ಒಣಗಿ ಕೂತಿತ್ತು. ತೊಳೆದರು, ಒರೆಸಿದರು. ಅರ್ಧದವರೆಗೆ ಹೋಗಿ ನಿಂತಿತು. ಸಿ.ಡಿ. ಸಿಕ್ಕಿದ ಸುದ್ದಿ ಕೇಳಿ ಓಡಿ ಬಂದಿದ್ದ ಭಾರ್ಗವ್, ಗೀರಿದ ಸಿ.ಡಿ.ಗೆ ಟೂತ್‌ಪೇಸ್ಟ್ ಸವರಿದರೆ ಸರಿಹೋಗುತ್ತದಂತೆ ಎಂದು ಕೆಳಗಿನ ಅಂಗಡಿಯಿಂದ ತಂದ. ನಾಲ್ಕು ಜನ ಆ ಸಿ.ಡಿ.ಯ ಸುತ್ತ ಕೂತು ಹಲ್ಲುಜ್ಜಿದ ಹಾಗೆ ಉಜ್ಜಿದರು. ಗೋವಿಂದಮ್ಮ, "ಬಾಯಿ ಮುಕ್ಕಳಿಸು ಅನ್ನೋದೊಂದು ಬಾಕಿ" ಎಂದಾಗ ಜಹನಾರಾ ಮೊದಲ ಬಾರಿಗೆ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಅದು ಕೊನೆಯವರೆಗೂ ಓದಿತು. ಹಳೆಯದು ತನ್ನ ಗೂಡಿಗೆ ಬಂದು ಕೂತಿತು. ಪ್ರೋಗ್ರಾಮುಗಳೆಲ್ಲ ಓಡಿದವು. ಪ್ರಿಯಂವದಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಭಾರ್ಗವ್ ಕ್ಷಮೆ ಕೇಳುತ್ತಲೇ ಇದ್ದ, ಅವಳಿಗೆ ಕೇಳಿಸಲಿಲ್ಲ. ನಿದ್ದೆ ಬಂದಿತ್ತು.

ಪರೀಕ್ಷೆಯ ದಿನ ಕಲಿಸಿದವರು ಒಳಗಿರುವ ಹಾಗಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಒಳಗೆ, ಪ್ರಿಯಂವದಾ ಗೋವಿಂದಮ್ಮನ ಜೊತೆ ಬಾಗಿಲಾಚೆ. ಬೆಳಿಗ್ಗೆಯೇ ಬಂದು ಕಪ್ಪು ಕಿಟಕಿ ತೆರೆದು ‘ಹಳೆ’ ಎಂದು ಹೇಳಿ ಸಿದ್ಧ ಮಾಡಿಟ್ಟಿದ್ದಳು. ಜಹನಾರಾ ಬರೆಯುತ್ತಿದ್ದಳು. ಎಲ್ಲ ಸರಿಯಾಗಿತ್ತು. ಆಗ ಕರೆಂಟು ಹೋಯಿತು.

ಕೆಳಗೆ ಗಿರಣಿಯ ಸದ್ದು ನಿಂತದ್ದರಿಂದಲೇ ಪ್ರಿಯಂವದಾಳಿಗೆ ಗೊತ್ತಾದದ್ದು. ಮತ್ತೆ ಗಿರಣಿ ಶುರುವಾಯಿತು, ಕಂಪ್ಯೂಟರೂ ಎದ್ದಿತು. ಆದರೆ ಅವಳು ತೆರೆದಿಟ್ಟ ಕಿಟಕಿ ಎಲ್ಲಿರುತ್ತದೆ? ಜಹನಾರಾ ಗಾಬರಿಯಲ್ಲಿ ಹೊಸ ಕಿಟಕಿ ತೆರೆದು, ಉಳಿಸಿಟ್ಟಿದ್ದ ಪ್ರೋಗ್ರಾಮನ್ನು ನೇರ ಓಡಿಸಿದಳು. ತಪ್ಪು, ತಪ್ಪು, ತಪ್ಪು ಎಂದು ಪರದೆ ತುಂಬಿತು.

ಪರೀಕ್ಷಕರು ಬಗ್ಗಿ ನೋಡಿದರು. "ಏನಮ್ಮಾ, ಇದು ಹೊಸ ವರ್ಷನ್ ಅಲ್ವಾ? ನಿಮ್ಮ ಸ್ಕೀಮಿಗೆ ಇದು ನಡೆಯಲ್ಲ."

ಬಾಗಿಲಾಚೆ ಪ್ರಿಯಂವದಾ ಗೋವಿಂದಮ್ಮನ ಮುಂಗೈ ಹಿಡಿದುಕೊಂಡಳು. ಒಳಗೆ ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಅಷ್ಟು ನಡೆದದ್ದು, ಉಜ್ಜಿದ್ದು, ಕಾದದ್ದು, ಎಲ್ಲ ಈಗ ಆ ಹುಡುಗಿಯ ನೆನಪಿನ ಮೇಲೆ ನಿಂತಿತ್ತು.

ಜಹನಾರಾ ಕೀಬೋರ್ಡಿನಿಂದ ಕೈ ತೆಗೆದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. ಆಮೇಲೆ, "ಒಂದ್ ನಿಮಿಷ ಸಾರ್. ಸೌಟು ಬದಲಾಗಿದೆ" ಎಂದಳು.

"ಏನು ಬದಲಾಗಿದೆ?"

ಅವಳು ಕಿಟಕಿ ಮುಚ್ಚಿ, ಇನ್ನೊಂದು ತೆರೆದು, ಮೊದಲು ‘ಹಳೆ’ ಎಂದು ಟೈಪ್ ಮಾಡಿದಳು. ಮತ್ತೆ ಓಡಿಸಿದಳು. ಓಡಿತು. ಪರೀಕ್ಷಕರು ವರ್ಷನ್ ತೋರಿಸು ಎಂದರು, ತೋರಿಸಿದಳು. ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿದರು. ಗೋವಿಂದಮ್ಮ ಬಾಗಿಲಾಚೆಯಿಂದ, "ಮೇಡಮ್ಮಾ, ಕೈ ಬಿಡಿ, ಬಳೆ ಒಡೀತದೆ" ಎಂದಳು.

ಪಾಸಾದಳು. ದೊಡ್ಡ ಮಾರ್ಕೇನಲ್ಲ, ಪಾಸು. ಈಗಲೂ ಆ ಶಾಲೆಯಲ್ಲೇ ಇದ್ದಾಳೆ. ಮಕ್ಕಳಿಗೆ ಕಂಪ್ಯೂಟರ್ ಮುಟ್ಟುವ ಮೊದಲು ಯಾವ ಒಲೆ ಎಂದು ಕೇಳುತ್ತಾಳಂತೆ.

ಫಲಿತಾಂಶ ಬಂದ ದಿನ ಗುರುರಾಜರು, "ಇನ್ನಾದ್ರೂ ಹಳೇದು ತೆಗೀತೀರಾ?" ಎಂದು ಕೇಳಿದರು. ಪ್ರಿಯಂವದಾ ತಾನೇ ಕಿಟಕಿ ಪಕ್ಕ ಕೂತು, ಅದನ್ನು ಕ್ರಮವಾಗಿ ತೆಗೆದಳು. ಬೇಜಾರಾಯಿತಾ ಎಂದರೆ, ಇಲ್ಲ. ಇನ್ನು ಆ ಒಲೆಯಲ್ಲಿ ಅಡುಗೆ ಮಾಡುವವರು ಯಾರೂ ಇರಲಿಲ್ಲ. ಗಂಧದ ಕಲೆ ಇದ್ದ ಸಿ.ಡಿ.ಯನ್ನು ಸೀರೆ ಅಂಗಡಿಯ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅಂದು ಕೂರಲು ಸೀಟು ಸಿಕ್ಕಿತು. ಹಾಗೇ ನಿದ್ದೆ ಹೋಗಿ, ನಮ್ಮ ಸ್ಟಾಪು ದಾಟಿ, ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಎಬ್ಬಿಸಿದ ಮೇಲೆ ಎದ್ದಳಂತೆ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಮಲಗಿದ್ದು ಅದೇ ಎಂದಳು.

ಅವರೆಕಾಯಿ ಮುಗಿಯಿತಾ? ಸಿಪ್ಪೆ ಅಲ್ಲೇ ಬಿಡು, ನಾನು ಬಳಿಯುತ್ತೇನೆ. ನೀನು ಹೋಗಿ ಆ ಸಿ.ಡಿ. ಇರುವ ಡಬ್ಬ ಎತ್ತಿಕೊಂಡು ಮಾಳಿಗೆಗೆ ಹೋಗು. ಚಿಕ್ಕಮ್ಮ ಮಲಗಿದ್ದರೆ ಎಬ್ಬಿಸಬೇಡ, ಪಕ್ಕದಲ್ಲಿ ಕೂತಿರು. ಎದ್ದ ಮೇಲೆ ಒಂದೊಂದೇ ತೆಗೆದು ಮುಂದೆ ಹಿಡಿದು ಕೇಳು, ಇದು ಬೇಕಾ, ಇದು ಬೇಡವಾ ಅಂತ. ಬೇಡ ಎಂದದ್ದನ್ನು ಮಾತ್ರ ಕೆಳಗೆ ತಾ. ಆಮೇಲೆ ಮಾರ್ಕೆಟ್ ರೋಡಿಗೆ ಹೋಗಿ ಒಂದು ಬೂದುಗುಂಬಳ, ಮತ್ತೆ ಅವಳ ಜಡೆಗೆ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಬಾ.